ಬಲ ಮಗ್ಗುಲು

ಮಾಗಡಿ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ರೇವಣಸಿದ್ದಯ್ಯನವರಿಗೆ ಎಲೆ ಅಡಿಕೆ ಕಂಡರೆ ಆಗುತ್ತಿರಲಿಲ್ಲ. ಮದುವೆ ಮನೆಯಲ್ಲಿ ಊಟದ ನಂತರ ತಟ್ಟೆ ಮುಂದೆ ಬಂದರೆ ಶಾಸ್ತ್ರಕ್ಕೆ ಒಂದು ಅಡಿಕೆ ಚೂರು ಬಾಯಿಗೆ ಹಾಕಿಕೊಂಡು, ಹೊರಗೆ ಬಂದು ಉಗಿದುಬಿಡುವ ಮನುಷ್ಯ. ಅಂಥವರು ಅರವತ್ತರ ಹತ್ತಿರ ಬಂದ ಮೇಲೆ ಗಲ್ಲಾಪೆಟ್ಟಿಗೆಯ ಪಕ್ಕ ಎಲೆಯ ಕಟ್ಟು, ಸುಣ್ಣದ ಡಬ್ಬಿ ಇಟ್ಟುಕೊಂಡು ಕೂತರೆ ಪೇಟೆಯವರು ಸುಮ್ಮನಿರುತ್ತಾರೆಯೇ? "ಮಗಳ ಮದ್ವೆ ಗೊತ್ತಾಗ್ತಿದ್ದಂಗೆ ಯಜಮಾನ್ರಿಗೆ ಶೋಕಿ ಬಂದ್ಬುಡ್ತು" ಎಂದು ಎದುರಂಗಡಿಯವರು ಕಿಚಾಯಿಸಿದರು. ಅವರು ನಕ್ಕರು. ಒಳಗೆ ಕೂತು ಎಲೆಯ ತೊಟ್ಟು ಮುರಿಯುತ್ತಿದ್ದ ಅವರ ಹೆಂಡತಿ ಬಸಮ್ಮ ನಗಲಿಲ್ಲ. ಎಲೆ ಹಾಕುವುದನ್ನು ಕಲಿಸಿದವಳು ಅವಳೇ.

ಯುಗಾದಿ ಕಳೆದು ಕೆಲವು ದಿನಕ್ಕೆ ಬಚ್ಚಲಲ್ಲಿ ಕೆಮ್ಮುತ್ತಿದ್ದ ಗಂಡನ ಬಾಯಿಂದ ರಕ್ತ ಬಿದ್ದದ್ದನ್ನು ಅವಳು ನೋಡಿದ್ದಳು. ಚನ್ನಪಟ್ಟಣದ ನೆಂಟರ ಮನೆಗೆ ಹೋಗಿ ಬರುತ್ತೇವೆ ಎಂದು ಮಗಳು ಕವನಳಿಗೆ ಹೇಳಿ, ಗಂಡ ಹೆಂಡತಿ ಇಬ್ಬರೇ ರಾಮನಗರದ ಎದೆ ಡಾಕ್ಟರ ಹತ್ತಿರ ಹೋದರು. ಸ್ಕ್ಯಾನ್ ಆಯಿತು. ಹುಡುಗನಾಗಿದ್ದಾಗ ಬಂದು ವಾಸಿಯಾಗಿದ್ದ ಟೀಬಿ ಬಲ ಶ್ವಾಸಕೋಶದಲ್ಲಿ ಗಾಯದ ಕಲೆ ಬಿಟ್ಟುಹೋಗಿತ್ತು. ಆ ಕಲೆಗೆ ಹೋಗುವ ರಕ್ತನಾಳ ಊದಿ, ಗೋಡೆ ತೆಳ್ಳಗಾಗಿತ್ತು. "ಈಗ ಟೀಬಿ ಇಲ್ಲ, ಯಾರಿಗೂ ಅಂಟಲ್ಲ. ಆದರೆ ಈ ನಾಳ ಯಾವತ್ತು ಬೇಕಾದರೂ ಒಡೀಬಹುದು" ಎಂದರು ಡಾಕ್ಟರು. ಎದೆ ಕೊಯ್ಯಬೇಕಾಗಿಲ್ಲ. ತೊಡೆಯ ಹತ್ತಿರ ಸೂಜಿಯಷ್ಟು ತೂತು ಮಾಡಿ, ದಾರದಂಥ ನಳಿಕೆ ತೂರಿಸಿ, ಟೀವಿ ಪರದೆಯಲ್ಲಿ ನೋಡುತ್ತಲೇ ಆ ನಾಳದವರೆಗೆ ಹೋಗಿ, ಸಣ್ಣ ಸಣ್ಣ ಕಾಳು ಬಿಟ್ಟು ಮುಚ್ಚುತ್ತಾರೆ. ಹೆದ್ದಾರಿ ಪಕ್ಕದ ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೆಂದೇ ಡಾಕ್ಟರಿದ್ದಾರೆ. ಈ ವಾರವೇ ಹೋಗಿ ಎಂದರು. ಹೊರಡುವಾಗ ಬಸಮ್ಮನನ್ನು ನಿಲ್ಲಿಸಿ ಹೇಳಿದರು: "ಅಕಸ್ಮಾತ್ ಜಾಸ್ತಿ ರಕ್ತ ಬಂದರೆ ಬಲ ಮಗ್ಗುಲಿಗೆ ಮಲಗಿಸಿ. ಎಡಕ್ಕೆ ಮಲಗಿಸಿದರೆ ರಕ್ತ ಹರಿದು ಚೆನ್ನಾಗಿರೋ ಶ್ವಾಸಕೋಶಾನೂ ತುಂಬಿಬಿಡುತ್ತೆ. ಮರೀಬೇಡಿ."

ಅವಳು ಮರೆಯಲಿಲ್ಲ. ಅದೇ ಈ ಕತೆಯ ಸಂಕಟ.

ನಮ್ಮ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿಕೊಳ್ಳುವ ಉಮೇದು. ಟೀಬಿ ಎಂದರೆ ಮಾತ್ರ ಬಾಗಿಲು ಹಾಕಿಕೊಂಡು ಪಿಸುಗುಟ್ಟುತ್ತಾರೆ. ಬಸಮ್ಮನ ತಂಗಿಗೆ ಗೊತ್ತಾಗಿದ್ದ ಗಂಡು, ಹೆಣ್ಣಿನ ಅಪ್ಪನಿಗೆ ಕ್ಷಯ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕೈ ತೊಳೆದುಕೊಂಡಿದ್ದ. ಆಮೇಲೆ ಆ ತಂಗಿಯನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಈಗ ಕೂಟಗಲ್ಲಿನ ಉದಯಶಂಕರ್ ತಮ್ಮ ಮಗ ಮಧುವಿಗೆ ಕವನಳನ್ನು ಕೇಳಿ ಬಂದಿದ್ದರು. ಒಳ್ಳೆಯ ಮನೆತನ, ಹುಡುಗನೂ ಕವನಳೂ ಒಪ್ಪಿದ್ದರು. ಉಳಿದದ್ದು ಎರಡೂ ಕಡೆಯವರು ಎಲೆ ಅಡಿಕೆ ತಟ್ಟೆ ಬದಲಾಯಿಸಿಕೊಂಡು ಮಾತು ಗಟ್ಟಿ ಮಾಡುವ ವೀಳ್ಯಶಾಸ್ತ್ರವೊಂದೇ.

"ಶಾಸ್ತ್ರ ಒಂದು ಮುಗೀಲಿ ಕಣ್ರೀ. ಮಾರ್ನೇ ದಿನಾನೇ ಹೋಗಿ ಮುಚ್ಚುಸ್ಕೊಂಡು ಬರಾನ" ಎಂದಳು, ವಾಪಸು ಬರುವ ಬಸ್ಸಿನಲ್ಲಿ.

"ಅಲ್ಲೀಗಂಟ ಕೆಮ್ಮು ಕಾಯ್ಕೊಂಡ್ ಕೂತಿರ್ತದಾ? ಯಾರಾರ ನೋಡುದ್ರೆ?"

"ಎಲೆ ಅಡಿಕೆ ಹಾಕ್ಕಳಿ. ಕೆಂಪಗೆ ಉಗುದ್ರೆ ಯಾರ್ ಕೇಳ್ತಾರೆ?"

ರೇವಣಸಿದ್ದಯ್ಯ ಒಂದು ಗಳಿಗೆ ಅವಳನ್ನೇ ನೋಡಿ, "ಒಳ್ಳೇ ಕಿಲಾಡಿ ಕಣೇ ನೀನು" ಎಂದರು. ಮಗಳಿಗಾಗಿ ಅಷ್ಟು ಕಹಿ ನುಂಗುವುದೇನು ಮಹಾ ಎಂದುಕೊಂಡರೋ ಏನೋ, ಅಂದಿನಿಂದ ಮುಖ ಕಿವುಚಿಕೊಂಡೇ ಅಗಿಯತೊಡಗಿದರು. ಉಗುಳುವ ಡಬ್ಬಿಯನ್ನು ತೊಳೆಯುವವಳು ಬಸಮ್ಮ. ಮೊದಮೊದಲು ಇದು ಎಲೆಯ ರಸ, ಇದು ರಕ್ತ ಎಂದು ಅವಳಿಗೆ ತಿಳಿಯುತ್ತಿತ್ತು. ಬರಬರುತ್ತಾ ಅವಳಿಗೂ ತಿಳಿಯದಾಯಿತು. ಕಡಿಮೆಯಾಗಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಶಾಸ್ತ್ರದ ದಿನ ನಡುಮನೆ ತುಂಬ ಜನ. ತಟ್ಟೆಗಳು ಕೈ ಬದಲಾದವು. ಉದಯಶಂಕರ್ ಏನೋ ತಮಾಷೆ ಮಾಡಿದರು, ರೇವಣಸಿದ್ದಯ್ಯ ಜೋರಾಗಿ ನಕ್ಕರು, ನಗು ಕೆಮ್ಮಾಯಿತು. ಬಿಳಿ ಪಂಚೆಯ ಮೇಲೆ ಕೆಂಪು ಚೆಲ್ಲಿತು.

"ಏನ್ ಬೀಗ್ರೇ, ಒಂದು ಕಟ್ಟು ಎಲೇನೂ ಒಂದೇ ಸಲ ಹಾಕ್ಕೊಂಡ್ರಾ?" ಎಂದರು ಉದಯಶಂಕರ್. ಎಲ್ಲರೂ ಗೊಳ್ಳೆಂದು ನಕ್ಕರು. ರೇವಣಸಿದ್ದಯ್ಯ ಮತ್ತೆ ಕೆಮ್ಮಿದರು. ಈ ಸಲ ಬೊಗಸೆ ತುಂಬಿ ಬೆರಳ ಸಂದಿಯಿಂದ ಹರಿಯಿತು. ನಗು ನಿಂತುಹೋಯಿತು. ಕವನ "ಅಪ್ಪಾ" ಎಂದು ಕಿರುಚಿದಳು.

ಬಸಮ್ಮ ಜನರನ್ನು ನೂಕಿಕೊಂಡು ಬಂದು ಗಂಡನನ್ನು ಬಲ ಮಗ್ಗುಲಿಗೆ ಹೊರಳಿಸಿದಳು. ಉದಯಶಂಕರ್ ಅವರ ಕಾರಿನ ಹಿಂದಿನ ಸೀಟಿನಲ್ಲೂ ಹಾಗೇ ಮಲಗಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಗುಂಡಿ ಬಿದ್ದ ಆ ರಸ್ತೆಯಲ್ಲೂ ಉದಯಶಂಕರ್ ಕಾರನ್ನು ಓಡಿಸಿದ ಓಟಕ್ಕೆ ದೊಡ್ಡ ಆಸ್ಪತ್ರೆ ಬೇಗನೇ ಬಂತು. ಅಲ್ಲಿಯವರೆಗೆ ಅವಳು ಒಂದೂ ತಪ್ಪು ಮಾಡಲಿಲ್ಲ.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಡಾಕ್ಟರು ಕೇಳಿದರು: "ಕೆಮ್ಮಿದ ರಕ್ತವಾ, ವಾಂತಿಯಾ? ಮುಂಚೆ ಏನಾದರೂ ಕಾಯಿಲೆ ಇತ್ತಾ?"

ರೇವಣಸಿದ್ದಯ್ಯನವರಿಗೆ ಬಾಯಿ ಬಿಡಲಾಗುತ್ತಿರಲಿಲ್ಲ. ಉದಯಶಂಕರ್ ಅವಳ ಭುಜಕ್ಕೆ ತಗುಲುವಷ್ಟು ಹತ್ತಿರ ನಿಂತಿದ್ದರು, ಅವರ ಅಂಗಿಯ ತೋಳಿಗೂ ರಕ್ತವಾಗಿತ್ತು. ಬಸಮ್ಮನ ಕಣ್ಣ ಮುಂದೆ ತಂಗಿಯ ಮುಖ ಬಂತು.

"ವಾಂತಿ" ಎಂದಳು. "ಹೊಟ್ಟೆಹುಣ್ಣು ಐತೆ ಅವ್ರಿಗೆ."

ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕಾದರೆ ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸುತ್ತಾರೆ. ಅದು ಅವರ ಪದ್ಧತಿ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಇಬ್ಬರು ನರ್ಸುಗಳು ಸೇರಿ ಹೊರಳಿಸುವಾಗ ರೇವಣಸಿದ್ದಯ್ಯ ಕೈ ಎತ್ತಿ ಬೇಡ ಎನ್ನುವಂತೆ ಆಡಿಸಿದರು. ಹೊರಳುತ್ತಲೇ ಹೆಂಡತಿಯ ಕಡೆ ನೋಡಿದರು. ಬಲಕ್ಕೆ ಮಲಗಿಸಿ ಎಂಬ ಮಾತು ಅವಳ ಗಂಟಲಿಗೆ ಬಂತು. ಪಕ್ಕದಲ್ಲಿ ಉದಯಶಂಕರ್ ಇದ್ದರು. ಅವಳು ಸೆರಗನ್ನು ಬಾಯಿಗೆ ಅದುಮಿಕೊಂಡಳು. ಪರದೆ ಎಳೆದರು.

ಪರದೆ ಸರಿಸಿ ಬಂದವರು ಬೇರೆ ಡಾಕ್ಟರು. ಹೆಸರು ಶೀಬಾ, ನಾಳ ಮುಚ್ಚುವವರು ಅವರೇ. "ಹೊಟ್ಟೇಲಿ ಗಾಯವೇ ಇಲ್ಲ. ರಕ್ತ ಎದೆಯಿಂದ ಬರ್ತಿದೆ, ಉಸಿರು ನಿಲ್ಲೋ ಹಾಗಾಯ್ತು, ಮೆಷಿನ್ ಹಾಕಿದ್ದೀವಿ. ಅಮ್ಮ, ನಿಮಗೆ ಗೊತ್ತಿರೋದನ್ನ ಹೇಳಿ. ಯಾವ ಕಡೆ?"

"ಬಲಗಡೆ" ಎಂದಳು ಬಸಮ್ಮ. ಆಮೇಲೆ ಎಲ್ಲವೂ ಬಂತು: ಟೀಬಿ, ಸ್ಕ್ಯಾನು, ಮುಚ್ಚಿಸಿಕೊಳ್ಳಿ ಎಂದಿದ್ದು, ಎಲೆ ಅಡಿಕೆ. ಶೀಬಾ ಬೈಯಲಿಲ್ಲ, ಓಡಿದರು. ಎದೆಯ ಮೇಲಿನ ಬೆಳ್ಳಿ ಕರಡಿಗೆ ಚಿತ್ರಕ್ಕೆ ಅಡ್ಡ ಬರುತ್ತದೆ, ತೆಗೆಯಿರಿ ಎಂದು ನರ್ಸು ಹೇಳಿದಾಗ ಬಸಮ್ಮ ಅದರೊಳಗಿನ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಗಂಡನ ತೋಳಿಗೆ ಕಟ್ಟಿದಳು. ಮೈಯಿಂದ ಲಿಂಗ ಅಗಲಬಾರದು ಎನ್ನುವ ನೆನಪು ಆಗಲೂ ಇತ್ತು ಅವಳಿಗೆ.

ಎಲ್ಲ ಕೇಳಿಸಿಕೊಂಡಿದ್ದ ಉದಯಶಂಕರ್ ಹೊರಗೆ ಬೆಂಚಿನ ಮೇಲೆ ಅವಳ ಪಕ್ಕ ಬಂದು ಕೂತರು. ಸಂಬಂಧ ಮುರಿಯಿತು ಎಂದೇ ಅವಳು ಕೂತಿದ್ದಳು, ಆಶ್ಚರ್ಯವೆಂದರೆ ಈಗ ಅದು ಅವಳಿಗೆ ಏನೂ ಅನ್ನಿಸಲಿಲ್ಲ.

"ಅಕ್ಕ" ಎಂದರು. "ನಮ್ಮವ್ವಂಗೂ ಟೀಬಿ ಆಗಿತ್ತು. ನಾನೇ ದಿನಾ ಕೂತ್ಕಂಡು ಮಾತ್ರೆ ನುಂಗುಸ್ದೆ. ನಿಮ್ಗೆ ಗೊತ್ತಾದ್ರೆ ಹೆಣ್ಣು ಕೊಡಾಕಿಲ್ಲ ಅಂತ ನಾವೂ ಬಾಯಿ ಬುಡ್ಲಿಲ್ಲ."

ಬಸಮ್ಮ ಅವರ ಮುಖ ನೋಡಿದಳು. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಕೆಲಸ ಮುಗಿಸಿ ಬಂದ ಶೀಬಾ ಅವಳನ್ನು ಒಳಗೆ ಕರೆದು ಪರದೆಯಲ್ಲಿ ಚಿತ್ರ ತೋರಿಸಿದರು. ಮೊದಲಿನದರಲ್ಲಿ ತಿರುಚಿಕೊಂಡ ಕಪ್ಪು ನಾಳ, ಅದರ ತುದಿಯಲ್ಲಿ ಮಸಿ ಚೆಲ್ಲಿದಂತೆ ಕಲೆ. ಎರಡನೆಯದರಲ್ಲಿ ನಾಳ ನಡುವೆಯೇ ನಿಂತಿತ್ತು, ಕಲೆ ಇರಲಿಲ್ಲ. "ರಕ್ತ ನಿಂತಿದೆ, ಆ ಕೆಲಸ ಚೆನ್ನಾಗೇ ಆಯ್ತು" ಎಂದರು. "ಆದರೆ ಅಷ್ಟರಲ್ಲಿ ಎಡಗಡೆ ತುಂಬಿಹೋಗಿತ್ತಮ್ಮ. ಮೆದುಳಿಗೆ ಗಾಳಿ ಸಾಲಲಿಲ್ಲ" ಎಂದರು. ಇನ್ನೂ ಏನೋ ಹೇಳುತ್ತಿದ್ದರು. ಬಸಮ್ಮ ಎರಡನೆಯ ಚಿತ್ರವನ್ನೇ ನೋಡುತ್ತಿದ್ದಳು. ಇಷ್ಟೇ ಕೆಲಸ. ಬಸ್ಸು ಹತ್ತಿ ಬಂದಿದ್ದರೆ ಆಗುತ್ತಿದ್ದದ್ದು.

ರೇವಣಸಿದ್ದಯ್ಯ ಕಣ್ಣು ಬಿಡಲಿಲ್ಲ. ಮೂರನೆಯ ದಿನ ತೀರಿಕೊಂಡರು.

ಮನೆಯ ಮುಂದೆ ವಿಭೂತಿ ಹಚ್ಚಿ, ಲಿಂಗವನ್ನು ಮತ್ತೆ ಎದೆಯ ಮೇಲಿಟ್ಟು ಗೋಡೆಗೆ ಒರಗಿಸಿ ಕೂರಿಸಿದರು. ಕೂಟಗಲ್ಲಿನಿಂದ ಎಲ್ಲರೂ ಬಂದಿದ್ದರು. ಮಧು ಕವನಳ ಪಕ್ಕ ನಿಂತಿದ್ದ. ಸತ್ತವರ ಬಾಯಿಗೆ ಎಲೆ ಅಡಿಕೆ ಇಡುವ ಶಾಸ್ತ್ರಕ್ಕೆಂದು ಪಕ್ಕದ ಮನೆಯ ಅಂಬುಜಮ್ಮ ಕುಟ್ಟಾಣಿ ತಂದು ಕೂತರು. ಸುಣ್ಣ ಸ್ವಲ್ಪ ಜಾಸ್ತಿಯೇ ಹಾಕಿ ಕೆಂಪಗೆ ಕುಟ್ಟಿದರು.

"ಬಾ ಬಸಮ್ಮ, ನಿನ್ ಕೈಯಾರೆ ಇಡು. ಈಚೀಚೆಗೆ ಎಲೆ ಅಡಿಕೆ ಅಂದ್ರೆ ಪ್ರಾಣ ಬುಡೋರು ಪಾಪ, ಬಾಯಿ ತುಂಬ ಇಡು."

ಬಸಮ್ಮ ಅವರ ಕೈಯನ್ನು ತಳ್ಳಿದಳು. "ಬ್ಯಾಡಿ! ಅವ್ರಿಗೆ ಎಲೆ ಅಡಿಕೆ ಕಂಡ್ರೆ ಆಯ್ತಿರ್ಲಿಲ್ಲ. ಅವ್ರು ಎಲೆ ಹಾಕೋರೇ ಅಲ್ಲ!"

ಪೇಟೆಯ ಜನ ಮುಖ ಮುಖ ನೋಡಿಕೊಂಡರು. ದಿನವೂ ಅಂಗಡಿಯಲ್ಲಿ ಕೂತು ಅಗಿಯುತ್ತಿದ್ದವರನ್ನು ಕಂಡವರು ಅವರೆಲ್ಲ. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಇಬ್ಬರು ಹೆಂಗಸರು ಅವಳನ್ನು ಹಿಡಿದುಕೊಂಡರು. ಅಂಬುಜಮ್ಮನೇ ಇಟ್ಟರು. ಸ್ವಲ್ಪ ಹೊತ್ತಿಗೆ ತುಟಿಯ ಅಂಚಿನಿಂದ ಕೆಂಪು ರಸ ಗದ್ದಕ್ಕೆ ಇಳಿಯಿತು. ಉದಯಶಂಕರ್ ಮುಂದೆ ಬಂದು ಹೆಗಲ ಟವೆಲಿನಿಂದ ಅದನ್ನು ಒರೆಸಿದರು, ಬಸಮ್ಮನ ಕಡೆ ತಿರುಗಿ ನೋಡಲಿಲ್ಲ.