ಮಂಗಳವಾರದ ಬಿಸಿ ಯಂತ್ರ

ಮೂರು ವರ್ಷ ಒಬ್ಬ ಮನುಷ್ಯ ನನಗೋಸ್ಕರ ಯಂತ್ರವನ್ನು ಬಿಸಿಯಾಗಿಟ್ಟು ಹೋಗುತ್ತಾನೆಂದು ನಂಬಿಕೊಂಡಿದ್ದೆ. ನಗುವವರು ನಗಿ, ಆದರೆ ಪೂರ್ತಿ ಕೇಳಿ ನಗಿ.

ನನ್ನ ಕೆಲಸ ಚಾಕೊಲೇಟ್ ಡಬ್ಬಿಯ ಒಳಗಿನ ತಟ್ಟೆ ಮಾಡುವುದು. ಹನ್ನೆರಡು ಗುಳಿಗಳ ತೆಳು ಪ್ಲಾಸ್ಟಿಕ್ ತಟ್ಟೆ. ಚಾಕೊಲೇಟ್ ಇರುವ ತನಕ ಎಲ್ಲರ ಕೈಯೂ ಅದರೊಳಗೆ, ಮುಗಿದ ಮೇಲೆ ಅದನ್ನು ಮೂಸಿ ನೋಡುವವರಿಲ್ಲ. ಹಿಂದೆ ನಾನೊಂದು ಚಾಕೊಲೇಟ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಡಬ್ಬಿ ತುಂಬಿದವಳು. ಉದ್ದನೆಯ ಒಂದೇ ಮೇಜು, ಅದರ ಎರಡೂ ಬದಿಗೆ ನಲವತ್ತು ಹೆಂಗಸರು. ಕೈ ಡಬ್ಬಿಯಲ್ಲಿ, ಬಾಯಿ ಊರವರ ಮನೆಯಲ್ಲಿ. ಕಾರ್ಖಾನೆ ಮುಚ್ಚಿದ ದಿನ ಎಲ್ಲರೂ ತಬ್ಬಿಕೊಂಡು ಅತ್ತೆವು, ವಾರಕ್ಕೊಮ್ಮೆ ಸೇರೋಣ ಎಂದು ಮಾತು ಕೊಟ್ಟುಕೊಂಡೆವು. ಎರಡು ಸಲ ಸೇರಿದೆವು. ಎರಡನೆಯ ಸಲ ಬಂದದ್ದು ಐದು ಜನ.

ಆಮೇಲೆ ಕೈಯಲ್ಲೇ ಚಾಕೊಲೇಟ್ ಮಾಡುವ ಒಂದು ಬೇಕರಿಯವರು ತಟ್ಟೆ ಬೇಕೆಂದರು. ನಾನು ಹೂಂ ಅಂದೆ. ಈಗ ವಾರವೆಲ್ಲ ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ ಕೂತು ತಟ್ಟೆಗಳ ಅಂಚು ಕತ್ತರಿಸುತ್ತೇನೆ. ಇಡೀ ದಿನ ನನ್ನೊಂದಿಗೆ ಮಾತಾಡುವುದೆಂದರೆ ಕತ್ತರಿ ಒಂದೇ, ಅದೂ ಹೇಳಿದ್ದನ್ನೇ ಹೇಳುತ್ತದೆ. ಭಾನುವಾರ ತಂಗಿ ಫೋನ್ ಮಾಡುತ್ತಾಳೆ. ಮಂಗಳವಾರ ಶೆಡ್ಡಿಗೆ ಹೋಗುತ್ತೇನೆ. ಮಿಕ್ಕ ಐದು ದಿನದ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಶೆಡ್ಡು ಎಂದರೆ ಹತ್ತಾರು ಜನ ಹಂಚಿಕೊಂಡು ದುಡಿಯುವ ಜಾಗ. ಗರಗಸ ಒಂದು ಮೂಲೆಯಲ್ಲಿ, ವೆಲ್ಡಿಂಗ್ ಇನ್ನೊಂದು ಮೂಲೆಯಲ್ಲಿ, ಕಿಟಕಿಯ ಪಕ್ಕದಲ್ಲಿ ನಮ್ಮ ವ್ಯಾಕ್ಯೂಮ್ ಯಂತ್ರ. ಯಾರಿಗೆ ಯಾವ ಯಂತ್ರ ಎಷ್ಟು ಗಂಟೆಗೆ ಎಂದು ಬಾಗಿಲ ಬಳಿಯ ಹಲಗೆಯ ಮೇಲೆ ಬರೆದಿರುತ್ತದೆ. ಯಂತ್ರ ದೊಡ್ಡದೇನಲ್ಲ. ಮೇಲೆ ಹೀಟರ್, ಕೆಳಗೆ ಸಣ್ಣ ತೂತುಗಳ ಹಾಸು. ಹಾಸಿನ ಮೇಲೆ ಮರದ ಅಚ್ಚು ಇಡಬೇಕು, ಚೌಕಟ್ಟಿನಲ್ಲಿ ಪ್ಲಾಸ್ಟಿಕ್ ಹಾಳೆ ಬಿಗಿಯಬೇಕು, ಹೀಟರನ್ನು ಅದರ ಮೇಲಕ್ಕೆ ಎಳೆಯಬೇಕು. ಹಾಳೆ ಮೆತ್ತಗಾಗಿ ನಡುವೆ ಜೋಲತೊಡಗುತ್ತದೆ. ಎಷ್ಟು ಜೋತರೆ ಸಾಕು ಎಂಬುದು ಕಣ್ಣಿಗೆ ಗೊತ್ತಿರಬೇಕು. ಆಗ ಅಚ್ಚಿನ ಮೇಲೆ ಇಳಿಸಿ ಪಂಪು ಹಾಕಿದರೆ ಕೆಳಗಿನ ಗಾಳಿಯೆಲ್ಲ ಹೋಗಿ ಹಾಳೆ ಅಚ್ಚನ್ನು ಅಪ್ಪಿಕೊಳ್ಳುತ್ತದೆ. ಅಚ್ಚಿನ ಮೇಲೆ ಒಂದು ಕೂದಲಿದ್ದರೂ ಬಿಡದೆ ತೋರಿಸುತ್ತದೆ.

ಒಂದೇ ತಾಪತ್ರಯ, ಹೀಟರ್ ತಣ್ಣಗಿದ್ದರೆ ಕಾಯಲು ಇಪ್ಪತ್ತು ನಿಮಿಷ ಬೇಕು. ನನಗಿರುವುದು ಹನ್ನೆರಡರಿಂದ ಎರಡರವರೆಗೆ, ಎರಡೇ ಗಂಟೆ.

ನನಗಿಂತ ಮುಂಚೆ, ಹತ್ತರಿಂದ ಹನ್ನೆರಡು, ಬೋರ್ಡಿನವರದು. ಅಂಗಡಿ ಬೋರ್ಡುಗಳಿಗೆ ಉಬ್ಬು ಅಕ್ಷರ ಮಾಡುವವರು. ನನ್ನದೇ ವಯಸ್ಸು ಇರಬಹುದು, ಅಥವಾ ಒಂದೆರಡು ವರ್ಷ ಹೆಚ್ಚು. ಅವರು ಹೊರಡುವಾಗ ನಾನು ಬರುತ್ತಿದ್ದೆ, ಬಾಗಿಲಲ್ಲಿ ಎದುರಾಗುತ್ತಿದ್ದೆವು.

"ಬಂದ್ರಾ?" ಅನ್ನುತ್ತಿದ್ದರು.

"ಹೂಂ. ಹೊರಟ್ರಾ?" ಅನ್ನುತ್ತಿದ್ದೆ.

ಮೂರು ವರ್ಷ ಇಷ್ಟೇ ಮಾತು. ಒಳಗೆ ಹೋದರೆ ಹೀಟರ್ ಕೆಂಪಗೆ ಕಾದು ಕೂತಿರುತ್ತಿತ್ತು. ಮೊದಲ ದಿನ ಮರೆತಿರಬೇಕು ಅಂದುಕೊಂಡೆ. ಎರಡನೇ ವಾರವೂ ಹಾಗೇ, ಮೂರನೇ ವಾರವೂ ಹಾಗೇ. ಆಗ ನನಗೆ ಅರ್ಥವಾಯಿತು, ಅಂದರೆ ಅರ್ಥವಾಯಿತು ಅಂದುಕೊಂಡೆ. ಹಿಂದೆ ಬರುವವಳ ಹೊತ್ತು ಹಾಳಾಗದಿರಲಿ ಎಂದು ಬಿಸಿ ಬಿಟ್ಟು ಹೋಗುತ್ತಿದ್ದಾರೆ! ನನಗೆ ಹಾಗೆ ಯಾರೂ ಏನೂ ಬಿಟ್ಟು ಹೋದವರಲ್ಲ. ಸ್ವಲ್ಪ ಹೊತ್ತು ಹೀಟರಿನ ಎದುರು ಅಂಗೈ ಹಿಡಿದು ನಿಂತೆ.

ಒಂದು ವಿಷಯ ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು, ನಾನೇ ನೋಡದ ಹಾಗೆ ಇದ್ದೆ. ಹೀಟರಿನ ಗುಂಡಿ ಯಾವಾಗಲೂ ಎಂಟರ ಮೇಲೆ ಇರುತ್ತಿತ್ತು. ಅವರ ಹಾಳೆ ದಪ್ಪ, ಅದಕ್ಕೆ ಎಂಟು ಬೇಕು. ನನ್ನದು ಈರುಳ್ಳಿ ಸಿಪ್ಪೆಯಂಥದ್ದು, ಅದಕ್ಕೆ ಐದು ಸಾಕು. ಐದಕ್ಕೆ ತಿರುಗಿಸಿದರೂ ಕಾದದ್ದು ಇಳಿಯಲು ಹೊತ್ತು ಬೇಕು, ನನಗೋ ತಾಳ್ಮೆ ಕಡಿಮೆ. ಹೀಗಾಗಿ ಪ್ರತಿ ಮಂಗಳವಾರ ಮೊದಲ ಹಾಳೆ ತೂತು ಬಿದ್ದು ಹಾಳಾಗುತ್ತಿತ್ತು. ಪಾಪ, ಅವರಿಗೇನು ಗೊತ್ತು ನನ್ನ ಹಾಳೆ ತೆಳು ಅಂತ, ಎಂದು ಅವರ ಪರವಾಗಿ ನಾನೇ ವಾದ ಮಾಡಿಕೊಂಡು ತೂತಿನ ಹಾಳೆಯನ್ನು ಬುಟ್ಟಿಗೆ ಹಾಕುತ್ತಿದ್ದೆ. ಆ ಬುಟ್ಟಿಯಲ್ಲಿ ಅವರ ಕೆಟ್ಟುಹೋದ ಅಕ್ಷರಗಳಿರುತ್ತಿದ್ದವು. ಒಂದನ್ನು ಮನೆಗೆ ತಂದೆ. ಬೋರಲು ಹಾಕಿದರೆ ಸೋಪು ಇಡಲು ಹೇಳಿ ಮಾಡಿಸಿದಂತಿತ್ತು.

ತಂಗಿಯ ಹತ್ತಿರ ಬಾಯಿ ಬಿಟ್ಟದ್ದು ನನ್ನ ತಪ್ಪು.

"ಅಕ್ಕಾ, ಯಾರೇ ಅದು? ಮದುವೆ ಆಗಿದ್ಯಾ ಅವರಿಗೆ?"

"ಥೂ, ನಿನ್ನ ಬಾಯಿಗಿಷ್ಟು! ಹೀಟರ್ ಆನ್ ಮಾಡಿ ಇಟ್ಟಿರ್ತಾರೆ ಕಣೇ, ಅಷ್ಟೇ."

"ನಮ್ಮನೇಲಿ ನಮ್ಮವರು ಒಂದು ದಿನ ನನಗೆ ಬಿಸಿನೀರು ಕಾಯಿಸಿಟ್ಟಿಲ್ಲ. ಅಷ್ಟೇ ಅಂತೆ, ಅಷ್ಟೇ!"

ಅಲ್ಲಿಂದ ಮುಂದೆ ಪ್ರತಿ ಭಾನುವಾರ "ನಿನ್ನ ಹೀಟರ್ ಹೇಗಿದಾರೆ?" ಎಂದೇ ಶುರುಮಾಡುತ್ತಿದ್ದಳು. ಬೈಯುತ್ತಿದ್ದೆ. ಅವಳು ಕೇಳುವುದನ್ನು ಮರೆತ ಭಾನುವಾರ ಮಾತ್ರ ಫೋನ್ ಇಡಲು ಮನಸ್ಸು ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಬಸ್ಸು ಬೇಗ ಸಿಕ್ಕಿ ಕಾಲು ಗಂಟೆ ಮುಂಚೆ ಶೆಡ್ಡಿಗೆ ಹೋದೆ. ಒಳಗೆ ಉಸ್ತುವಾರಿಯ ಗಂಟಲು. ಉಸ್ತುವಾರಿ ಶೆಡ್ಡನ್ನು ನೋಡಿಕೊಳ್ಳುವವನು, ತನ್ನ ಸ್ವಂತ ಮನೆ ಎನ್ನುವ ಹಾಗೆ ಕೂಗಾಡುವವನು.

"ಮೂರು ವರ್ಷದಿಂದ ಹೇಳ್ತಾನೇ ಇದೀನಿ. ಹೋಗೋವಾಗ ಹೀಟರ್ ಆರಿಸಿ, ಆರಿಸಿ ಅಂತ. ಒಂದಿನ ಬೆಂಕಿ ಬಿದ್ರೆ ಯಾರು ಹೊಣೆ?"

"ಮರೆತೇ ಹೋಗುತ್ತೆ ಸಾರ್," ಅಂದರು ಬೋರ್ಡಿನವರು. "ಅಕ್ಷರ ಎಣಿಸಿ ಚೀಲಕ್ಕೆ ಹಾಕೋ ಗಡಿಬಿಡೀಲಿ ತಲೇಲೇ ಇರಲ್ಲ."

ನಾನು ಬಾಗಿಲಲ್ಲೇ ನಿಂತೆ. ಅಷ್ಟರಲ್ಲಿ ಅವರು ನನ್ನನ್ನು ನೋಡಿ ಇನ್ನಷ್ಟು ಕುಗ್ಗಿದರು.

"ನಿಮಗೂ ಎಷ್ಟು ತೊಂದರೆ ಆಗಿದ್ಯೋ ಏನೋ. ಕ್ಷಮಿಸಿ. ಇನ್ಮೇಲೆ ತಪ್ಪದೆ ಆರಿಸಿ ಹೋಗ್ತೀನಿ."

ಆರಿಸಬೇಡಿ. ಇಷ್ಟು ಹೇಳಿದ್ದರೆ ಮುಗಿದಿತ್ತು. ಹೆಂಗಸರ ಮೇಜಿನಲ್ಲಿ ಇಪ್ಪತ್ತಾರು ವರ್ಷ ನಾಲಿಗೆ ಸಾಣೆ ಹಿಡಿದವಳ ಬಾಯಿಂದ ಬಂದದ್ದು "ಪರವಾಗಿಲ್ಲ" ಅನ್ನುವ ಒಂದು ಪೆದ್ದು ಮಾತು.

ಮುಂದಿನ ವಾರ ಯಂತ್ರ ತಣ್ಣಗಿತ್ತು, ಅಕ್ಷರ ಎಣಿಸುವ ಮುಂಚೆಯೇ ಆರಿಸಿರಬೇಕು. ಗುಂಡಿ ಸೊನ್ನೆಯ ಮೇಲಿತ್ತು, ಪಕ್ಕದ ನೆಲವನ್ನೂ ಗುಡಿಸಿದ್ದರು, ಪುಣ್ಯಾತ್ಮರು. ಐದಕ್ಕೆ ತಿರುಗಿಸಿ ಸ್ಟೂಲಿನ ಮೇಲೆ ಇಪ್ಪತ್ತು ನಿಮಿಷ ಕೂತೆ. ಗರಗಸದ ಕಡೆ ಯಾರೋ ಇಬ್ಬರು ಜೋರಾಗಿ ನಗುತ್ತಿದ್ದರು. ಆವತ್ತು ಒಂದು ಹಾಳೆಯೂ ತೂತು ಬೀಳಲಿಲ್ಲ. ಅಳು ಬಂತು, ಬಂದರೆ ಬರಲಿ ಎಂದು ಬಿಟ್ಟೆ.

ತಂಗಿ ಕೇಳಿದಾಗ "ಚೆನ್ನಾಗಿದಾರೆ" ಎಂದು ಸುಳ್ಳು ಹೇಳಿದೆ. ಫೋನ್ ಇಟ್ಟ ಮೇಲೆ ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ನನ್ನ ಮೇಲೆ. ಮೂರು ವರ್ಷ ಇನ್ನೊಬ್ಬರ ಮರೆವನ್ನು ಉಣ್ಣುತ್ತಾ ಕೂತಿದ್ದೆನಲ್ಲ, ಒಮ್ಮೆಯಾದರೂ ಯಾರಿಗಾದರೂ ಏನಾದರೂ ಬಿಸಿ ಮಾಡಿ ಇಟ್ಟಿದ್ದೆನೆ? ಅವರು ಬೇಕೆಂದು ಮಾಡಿದ್ದಲ್ಲ, ಸರಿ. ನಾನು ಬೇಕೆಂದೇ ಮಾಡಿದರಾಯಿತು.

ಮುಂದಿನ ಮಂಗಳವಾರ ಒಂಬತ್ತೂವರೆಗೇ ಹೋದೆ. ಉಸ್ತುವಾರಿ ಹಿಂದುಗಡೆ ಮರ ಇಳಿಸಿಕೊಳ್ಳುತ್ತಿದ್ದ. ಕಳ್ಳಿಯ ಹಾಗೆ ಒಳಗೆ ಹೋಗಿ ಹೀಟರ್ ಹಾಕಿ ಗುಂಡಿಯನ್ನು ಎಂಟಕ್ಕೆ ತಿರುಗಿಸಿ ಹೊರಬಂದೆ. ಎದುರಿನ ಚಹಾದಂಗಡಿಯಲ್ಲಿ ಕೂತು, ಅವರು ಚೀಲ ಹಿಡಿದು ಒಳಗೆ ಹೋಗುವವರೆಗೂ ಬಾಗಿಲನ್ನೇ ಕಾದೆ. ಹನ್ನೆರಡಕ್ಕೆ ಬಾಗಿಲಲ್ಲಿ ಎದುರಾದಾಗ ಮುಖದಲ್ಲಿ ಏನಾದರೂ ಕಂಡೀತೆ ಎಂದು ನೋಡಿದೆ.

"ಬಂದ್ರಾ?" ಅಂದರು. ಹುಬ್ಬು ಗಂಟಿಕ್ಕಿತ್ತು.

ಎರಡನೇ ವಾರವೂ ಹಾಗೇ ಮಾಡಿದೆ. ಹುಬ್ಬು ಇನ್ನೂ ಗಂಟಿಕ್ಕಿತ್ತು. ಮೂರನೇ ವಾರ ಹೀಟರ್ ಹಾಕಿ ಹೋಗಿ, ಹನ್ನೆರಡಕ್ಕೆ ಮತ್ತೆ ಬಂದರೆ ಯಂತ್ರದ ಹೊಟ್ಟೆ ಬಿಚ್ಚಿತ್ತು. ವೈರಿಂಗ್ ಮಾಡುವವನು ನೆಲದ ಮೇಲೆ ಮಲಗಿ ಒಳಗೆ ಇಣುಕುತ್ತಿದ್ದ. ಬೋರ್ಡಿನವರು ಮನೆಗೆ ಹೋಗದೆ ಪಕ್ಕದಲ್ಲಿ ನಿಂತಿದ್ದರು.

"ಇವತ್ತು ಯಂತ್ರ ಇಲ್ಲ," ಅಂದ ಉಸ್ತುವಾರಿ. "ತನ್ನಷ್ಟಕ್ಕೆ ತಾನೇ ಆನ್ ಆಗ್ತಾ ಇದೆ. ಸರಿ ಹೋಗದಿದ್ರೆ ತೆಗೆದೇ ಹಾಕ್ತೀನಿ, ಹೊಸದು ಯಾವಾಗ ಬರುತ್ತೋ ಬರಲಿ."

"ನಾನೇ ಹೇಳಿದ್ದು," ಅಂದರು ಬೋರ್ಡಿನವರು ನನಗೆ. "ನಾನು ಬಂದಾಗ್ಲೇ ಕಾದಿರುತ್ತೆ. ನನ್ನದೇನೋ ಹೋಗ್ಲಿ. ಆಮೇಲೆ ಈ ಕಡೆ ನೀವು ಒಬ್ಬರೇ ಇರ್ತೀರಿ, ಶಾಕ್ ಗೀಕ್ ಹೊಡೆದ್ರೆ ನೋಡೋಕೂ ಯಾರೂ ಇರಲ್ಲ."

ನೆಲ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು, ಯಂತ್ರ ಹೋಗುತ್ತಿತ್ತು. ಯಂತ್ರ ಹೋದರೆ ನನ್ನ ಮಂಗಳವಾರವೂ ಹೋಗುತ್ತಿತ್ತು.

"ಯಂತ್ರ ಸರಿಯಾಗಿದೆ," ಅಂದೆ. "ಆನ್ ಮಾಡ್ತಾ ಇದ್ದದ್ದು ನಾನು."

ವೈರಿನವನು ಯಂತ್ರದ ಕೆಳಗಿನಿಂದ ತಲೆ ಹೊರಗೆ ಹಾಕಿದ.

"ನೀವ್ಯಾಕೆ?" ಅಂದ ಉಸ್ತುವಾರಿ.

ಉಸ್ತುವಾರಿಗೆ ಉತ್ತರ ಕೊಡಲಿಲ್ಲ, ಬೋರ್ಡಿನವರಿಗೇ ಹೇಳಿದೆ. "ಮೂರು ವರ್ಷ ನೀವು ನನಗೋಸ್ಕರ ಬಿಸಿ ಬಿಟ್ಟು ಹೋಗ್ತೀರಿ ಅಂದ್ಕೊಂಡಿದ್ದೆ. ಎಂಟಕ್ಕೆ ನನ್ನ ಹಾಳೆ ಸುಟ್ಟು ತೂತಾಗುತ್ತೆ, ನನಗೆ ಐದು ಸಾಕು, ಆದ್ರೂ ಅಂದ್ಕೊಂಡಿದ್ದೆ. ವಾರಕ್ಕೊಂದು ಹಾಳೆ ಹಾಳಾಗ್ತಿತ್ತು, ಹೋದ್ರೆ ಹೋಗ್ಲಿ ಅನ್ನಿಸ್ತಿತ್ತು. ಅದು ಮರೆವು ಅಂತ ಗೊತ್ತಾಯ್ತು. ನಿಮಗೂ ಒಂದ್ಸಲ ಹಾಗೆ ಬಿಸಿ ಸಿಗಲಿ ಅಂತ ಮಾಡಿದೆ. ತಪ್ಪಾಯ್ತು."

ಗರಗಸದವರು ಆಗಲೇ ಗರಗಸ ನಿಲ್ಲಿಸಬೇಕೆ! ಬೋರ್ಡಿನವರು ತಮ್ಮ ಚಪ್ಪಲಿ ನೋಡಿದರು, ಚೀಲ ಎತ್ತಿಕೊಂಡರು. "ಬರ್ತೀನಿ" ಎಂದು ಹೊರಟುಹೋದರು.

ಆ ಭಾನುವಾರ ತಂಗಿಯ ಫೋನ್ ಎತ್ತಲಿಲ್ಲ. ದಿನವನ್ನೇ ಬದಲಾಯಿಸಿಕೊಳ್ಳಲೇ, ಬುಧವಾರ ಸಂಜೆ ಯಾರೂ ಇರುವುದಿಲ್ಲವಂತೆ ಎಂದು ನೂರು ಸಲ ಯೋಚಿಸಿದೆ. ಸೋಪಿನ ಅಕ್ಷರವನ್ನು ಎಸೆಯಲು ಎತ್ತಿದವಳು ತೊಳೆದು ಮತ್ತೆ ಅಲ್ಲೇ ಇಟ್ಟೆ. ಬೇಕರಿಯವರಿಗೆ ಎರಡು ವಾರದ ತಟ್ಟೆ ಕೊಡಬೇಕಿತ್ತು, ಹೋಗದೆ ವಿಧಿಯಿರಲಿಲ್ಲ.

ಮಂಗಳವಾರ ಹನ್ನೆರಡಕ್ಕೆ ಬಾಗಿಲಲ್ಲಿ ಯಾರೂ ಎದುರಾಗಲಿಲ್ಲ. ಒಂದು ನಿಮಿಷ ನಿಂತೆ, ಎರಡು ನಿಮಿಷ ನಿಂತೆ. ನನ್ನ ಮುಖ ನೋಡುವುದು ಬೇಡವೆಂದು ಮುಂಚೆಯೇ ಹೋಗಿದ್ದಾರೆ. ಬಂದ್ರಾ, ಹೊರಟ್ರಾ ಎಂಬ ಆ ಎರಡು ಶಬ್ದವೂ ಹೋಯಿತು, ನಿನ್ನ ಬಾಯಿ ಮುಚ್ಚಿಕೊಂಡು ಇರಲಾರದೆ ಹೋದೆಯಲ್ಲ ಎಂದು ನನ್ನನ್ನೇ ಬೈದುಕೊಂಡು ಒಳಗೆ ಹೋದೆ.

ಯಂತ್ರದ ಪಕ್ಕ ಸ್ಟೂಲಿನ ಮೇಲೆ ಉಸ್ತುವಾರಿ ಮುಖ ಊದಿಸಿಕೊಂಡು ಕೂತಿದ್ದ.

"ಬಂದ್ರಾ ತಾಯೀ? ನಿಮಗೆ ದೊಡ್ಡ ನಮಸ್ಕಾರ. ಹೀಟರ್ ಆನ್ ಇರೋವಾಗ ಯಾರಾದ್ರೂ ಪಕ್ಕದಲ್ಲಿ ಇರಲೇಬೇಕು ಅಂತ ನಾನೇ ರೂಲ್ಸ್ ಮಾಡಿದ್ದಲ್ವಾ, ಅದಕ್ಕೆ ನನ್ನನ್ನೇ ಕಾವಲಿಗೆ ಕೂರಿಸಿ ಹೋದ್ರು ಆ ಮನುಷ್ಯ. ನನಗೇನು ಬೇರೆ ಕೆಲಸ ಇಲ್ವಾ?" ಎನ್ನುತ್ತಾ ಎದ್ದು ಹೋದ.

ಹೀಟರ್ ಕಾದಿತ್ತು. ಬಗ್ಗಿ ಗುಂಡಿ ನೋಡಿದೆ. ಐದರ ಮೇಲಿತ್ತು.

ಅಚ್ಚು ಇಟ್ಟೆ, ಹಾಳೆ ಬಿಗಿದೆ, ಹೀಟರ್ ಎಳೆದೆ. ಹಾಳೆ ನಿಧಾನವಾಗಿ ಜೋತಿತು. ಇಳಿಸಿ ಪಂಪು ಹಾಕಿದೆ. ಮೊದಲ ತಟ್ಟೆ ಹನ್ನೆರಡು ಗುಳಿಗಳ ಸಮೇತ ಒಂದೂ ತೂತಿಲ್ಲದೆ ಬಂತು. ಯಾರಿಗಾದರೂ ತೋರಿಸೋಣವೆಂದು ಅದನ್ನು ಹಿಡಿದು ತಿರುಗಿದೆ. ಶೆಡ್ಡಿನ ಆ ಬದಿಯಲ್ಲಿ ಯಾರೂ ಇರಲಿಲ್ಲ.

ಆ ತಟ್ಟೆಯನ್ನು ಬೇಕರಿಯ ಲೆಕ್ಕಕ್ಕೆ ಸೇರಿಸದೆ ಬೇರೆ ಇಟ್ಟೆ. ಎರಡು ಗಂಟೆಗೆ ಸ್ವಿಚ್ಚಿನ ಮೇಲೆ ಕೈ ಇಟ್ಟು ಹಲಗೆಯತ್ತ ನೋಡಿದೆ. ಮಂಗಳವಾರ ನನ್ನ ನಂತರ ಯಾರೂ ಇಲ್ಲ. ಹೀಟರ್ ಆರಿಸಿದೆ. ಮುಂದಿನ ವಾರ ಅವರು ಇನ್ನೂ ಅಕ್ಷರ ಎಣಿಸುತ್ತಿರುವಾಗಲೇ ಬಂದು, ಈ ತಟ್ಟೆಯನ್ನು ಅವರ ಕೈಗೇ ಕೊಡಬೇಕು.