ತಗ್ಗು ಸೀಟಿನ ಅಕ್ಕವ್ವ

ಅಕ್ಕವ್ವ ಯಾರ ಮಾತನ್ನೂ ವಿರೋಧಿಸಿದವರಲ್ಲ. ಹಾಗೆಂದು ಯಾರ ಮಾತನ್ನೂ ಕೇಳಿದವರೂ ಅಲ್ಲ. ಯಾರು ಏನೇ ಉಪದೇಶ ಮಾಡಲಿ, ಅವರು ಕತ್ತನ್ನು ತುಸು ಎಡಕ್ಕೆ ವಾಲಿಸಿ, ಕಣ್ಣನ್ನು ಅರ್ಧ ಮುಚ್ಚಿ, ಕೊನೆಯ ಅಕ್ಷರದವರೆಗೂ ಸಾವಧಾನದಿಂದ ಆಲಿಸಿ, "ಅದೂ ಖರೆ ಬಿಡ್ರಿ" ಎಂದು ಒಪ್ಪಿಕೊಳ್ಳುತ್ತಾರೆ. ಉಪದೇಶ ಮಾಡಿದವರು ಗೆದ್ದ ಸಂತೋಷದಲ್ಲಿ ಮನೆಗೆ ಹೋಗುತ್ತಾರೆ. ಅಕ್ಕವ್ವ ತಾವು ಮೊದಲೇ ನಿಶ್ಚಯಿಸಿದ್ದನ್ನು ಮಾಡುತ್ತಾರೆ. ಮೂಡಲಗಿಯ ಬೆಲ್ಲದ ಪೇಟೆಯಲ್ಲಿ ಈ ಮಾತಿನ ಬಗ್ಗೆ ಒಂದು ಬಗೆಯ ಅಂಜಿಕೆಯೇ ಇದೆ. ದರದ ಮಾತುಕತೆ ನಡೆದಿರುವಾಗ ಅಕ್ಕವ್ವನ ಬಾಯಿಂದ ಅದು ಹೊರಟಿತೆಂದರೆ ಸೌದಾ ಮುರಿಯಿತೆಂದೇ ತಿಳಿದು ಎದುರಿನವನು ಹೆಗಲ ಮೇಲಿನ ಟಾವೆಲು ಕೊಡವಿ ಏಳುತ್ತಾನೆ.

ಎಪ್ಪತ್ತರ ಹೊಸ್ತಿಲಲ್ಲಿರುವ ಈ ಹೆಂಗಸು ನೋಡಲು ಎತ್ತರದವರೂ ಅಲ್ಲ, ದಪ್ಪವೂ ಅಲ್ಲ. ಹಣೆಯ ಮೇಲೆ ಅಚ್ಚುಕಟ್ಟಾದ ಮೂರೆಳೆ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಅದರ ಮೇಲೆ ತೀರಿಹೋದ ಗಂಡ ರಾಚಪ್ಪನವರ ಹಳೆಯ ಬೂದುಬಣ್ಣದ ಉಣ್ಣೆಯ ಕೋಟು. ಕೋಟನ್ನು ಅವರು ನೆನಪಿಗೆಂದು ಹಾಕಿಕೊಳ್ಳುತ್ತಾರೆಂದು ಊರವರು ಭಾವುಕರಾಗುವುದುಂಟು. ಅಕ್ಕವ್ವನನ್ನೇ ಕೇಳಿದರೆ ಉತ್ತರ ಬೇರೆ: ಗಾಡಿ ಹೊಡೆಯುವಾಗ ಸೆರಗು ಜಾರಿ ಗೇರಿನ ಕೋಲಿಗೆ ಸುತ್ತಿಕೊಳ್ಳಬಾರದು, ಅಷ್ಟೇ. ಎಡಗಾಲಿನ ಮೇಲೆ ಭಾರ ಹಾಕಿ, ಬಲಗಾಲನ್ನು ಹಿಂದಿನಿಂದ ಕರೆದುಕೊಂಡು ಬರುವಂಥ ಅವರ ನಡಿಗೆಗೆ ತನ್ನದೇ ಆದ ಲಯವಿದೆ. ಆದರೆ ಸ್ಟಿಯರಿಂಗ್ ಹಿಂದೆ ಕೂತರೆ ಆ ಕಾಲುಗಳ ನಡುವಿನ ಭೇದ ಅಳಿದುಹೋಗುತ್ತದೆ. ಬಹಳ ವರ್ಷಗಳ ಹಿಂದೆ, ರಾಚಪ್ಪನವರ ಕೈ ಮುರಿದು, ತಮ್ಮ ಅಂಗಡಿಗೆ ಬೆಲ್ಲ ಕೊಳ್ಳಲು ಕಬ್ಬಿನ ಗಾಣಗಳಿಗೆ ಹೋಗುವ ತಿರುಗಾಟ ನಿಂತಾಗ, ಮನೆಯ ಜೀಪನ್ನು ತಾವೇ ಹಿತ್ತಲಿನಲ್ಲಿ ಹಿಂದೆ ಮುಂದೆ ಓಡಿಸಿ, ಒಂದು ದನದ ಗೋದಲಿಯನ್ನು ಕೆಡವಿ, ಚಾಲನೆ ಕಲಿತವರು ಅಕ್ಕವ್ವ. ಗಂಡನ ಕೈ ಕೂಡಿತು. ಆದರೆ ಸ್ಟಿಯರಿಂಗ್ ಮತ್ತೆ ಆ ಕೈಗೆ ಹೋಗಲಿಲ್ಲ.

ಆ ಜೀಪು ಕೊನೆಗೆ ದುರಸ್ತಿಗೂ ದಕ್ಕದ ಸ್ಥಿತಿಗೆ ಬಂದಾಗ, ಮಗ ಮಹೇಶ ತಾಯಿಯನ್ನು ಗೋಕಾಕದ ಒಂದು ಶೋರೂಮಿಗೆ ಕರೆದುಕೊಂಡು ಹೋದ. ಅವನು ಮನಸ್ಸಿನಲ್ಲೇ ಆರಿಸಿಟ್ಟದ್ದು ಎತ್ತರದ, ಅಗಲ ಬಾಗಿಲಿನ, ಗೇರು ತಾನೇ ಬದಲಾಗುವ ಒಂದು ಸಭ್ಯ ಗಾಡಿ. ಮೊಣಕಾಲಿಗೆ ಹಿತ, ಹತ್ತಿ ಇಳಿಯಲು ಸಲೀಸು. ಅಕ್ಕವ್ವ ಅದರಲ್ಲಿ ಕೂತರು, ನಾಲ್ಕೂ ದಿಕ್ಕಿಗೆ ನೋಡಿದರು, ಇಳಿದರು. "ಯಾರದೋ ಮನಿ ಮಾಳಗಿ ಮ್ಯಾಲ ಬೀಗರು ಕುಂತಂಗ ಆಗತೈತಿ" ಎಂದರು. ಅನಂತರ ಅವರ ಕಣ್ಣು ಮೂಲೆಯಲ್ಲಿ ನಿಂತಿದ್ದ ಒಂದು ಕೆಂಪು ಕಾರಿನ ಮೇಲೆ ಬಿತ್ತು. ಚಿಕ್ಕದು, ನೆಲಕ್ಕೆ ಹತ್ತಿದಂಥದ್ದು, ಹಿಂಭಾಗ ತುಸು ಎತ್ತಿದ್ದು, ಓಡುವ ಮುನ್ನ ಮೈ ತಗ್ಗಿಸಿದ ಹೋರಿಯಂತೆ ನಿಂತಿತ್ತು.

"ಆಯಿ, ಅದು ಹುಡುಗರ ಗಾಡಿರಿ," ಎಂದ ಶೋರೂಮಿನ ಮಾರಾಟಗಾರ.

"ಹಂಗಂತ ಅದರ ಮ್ಯಾಲ ಬರದೈತೇನು?"

ಬರೆದಿರಲಿಲ್ಲ. ಗೋಕಾಕ ಫಾಲ್ಸಿನ ಕಡೆಗೆ ಗುಡ್ಡವನ್ನು ಬಳಸಿ ಏರುವ ರಸ್ತೆಯಲ್ಲಿ ಅಕ್ಕವ್ವ ಅದನ್ನು ಓಡಿಸಿ ನೋಡಿದರು. ಎರಡೂ ಮಗ್ಗುಲಲ್ಲಿ ಉಬ್ಬಿದ ಗಟ್ಟಿ ಸೀಟು ಅವರ ನೋಯುವ ಸೊಂಟವನ್ನು ತಬ್ಬಿ ಹಿಡಿಯಿತು. ತಿರುವಿನಲ್ಲಿ ಗಾಡಿ ವಾಲಲಿಲ್ಲ, ತೊನೆಯಲಿಲ್ಲ, ಕೈ ಹೇಳಿದಲ್ಲಿಗೆ ಮೂಗನ್ನು ಹೊರಳಿಸಿತು. ರಸ್ತೆಯ ಒಂದೊಂದು ಹರಳೂ ಅಂಗೈಗೆ ಸುದ್ದಿ ಮುಟ್ಟಿಸಿತು. ಪಕ್ಕದಲ್ಲಿ ಕೂತ ಮಾರಾಟಗಾರ ಬೆಲ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಹಿಂದಿನ ಸೀಟಿನಿಂದ ಮಹೇಶ ವಯಸ್ಸು, ಮೊಣಕಾಲು, ಜನ ಏನೆಂದಾರು, ಹಳ್ಳಿಯ ರಸ್ತೆಯ ಉಬ್ಬುಗಳು ಇವೆಲ್ಲವನ್ನೂ ಕ್ರಮವಾಗಿ ನಿವೇದಿಸಿದ. "ಅದೂ ಖರೆ ಬಿಡೋ," ಎಂದರು ಅಕ್ಕವ್ವ. ಮಹೇಶನಿಗೆ ಅಲ್ಲಿಗೇ ಅರ್ಥವಾಯಿತು.

ಮುಂದಿನ ಒಂದು ವರ್ಷ ಅಕ್ಕವ್ವನ ಬಾಳಿನಲ್ಲಿ ತುಂಬು ಸಂತೋಷದ್ದು. ಕಬ್ಬಿನ ಹಂಗಾಮಿನಲ್ಲಿ, ಎರಡೆರಡು ಟ್ರೇಲರ್ ಎಳೆದುಕೊಂಡು ರಸ್ತೆಯನ್ನೇ ತುಂಬಿ ತೆವಳುವ ಟ್ರ್ಯಾಕ್ಟರುಗಳ ಹಿಂದೆ ಅವರು ಅವಸರವಿಲ್ಲದೆ, ಹಾರ್ನು ಬಾರಿಸದೆ ಕಾಯುತ್ತಿದ್ದರು. ಎದುರಿನ ದಾರಿ ತೆರವಾಯಿತೆಂದರೆ ಒಂದು ಗೇರು ಇಳಿಸಿ, ಒಂದೇ ಉಸಿರಿಗೆ ದಾಟಿ, ಮತ್ತೆ ಸಾವಕಾಶವಾಗಿ ಎಡಕ್ಕೆ ಸೇರಿಬಿಡುತ್ತಿದ್ದರು. ಉಬ್ಬುಗಳನ್ನು ಓರೆಯಾಗಿ, ಒಂದೊಂದೇ ಗಾಲಿಯನ್ನು ಏರಿಸಿ ಇಳಿಸುವ ಕಲೆ ಅವರಿಗೆ ಒಲಿಯಿತು. ಗಾಣಗಳಲ್ಲಿ ಹೊಗೆಯ ನಡುವಿನಿಂದ ಜನ ಆ ಕೆಂಪು ಬಣ್ಣವನ್ನು ದೂರದಿಂದಲೇ ಗುರುತಿಸಿ, ರುಚಿ ನೋಡಲು ಬಿಸಿಬೆಲ್ಲವನ್ನು ಎಲೆಯ ಮೇಲೆ ತೆಗೆದಿಡುತ್ತಿದ್ದರು. ಕೆಲಸವಿಲ್ಲದ ಒಂದೆರಡು ಸೋಮವಾರ ಅವರು ಕಣಗಲಾದ ಹತ್ತಿರ ಹೆದ್ದಾರಿಗೆ ಹೋಗಿ, ಯಾವ ಊರಿಗೂ ಹೋಗದೆ, ಚಹಾ ಕುಡಿದು ಹಿಂದಿರುಗಿದ್ದೂ ಉಂಟು. ಯಾಕೆಂದು ಸೊಸೆ ಐಶ್ವರ್ಯ ಕೇಳಿದಾಗ, ಐದನೆಯ ಗೇರು ಎಂಥದ್ದೆಂದು ಮೂಡಲಗಿಯಲ್ಲಿ ತಿಳಿಯುವುದಿಲ್ಲ ಎಂದರಂತೆ.

ಹೊತ್ತು ತಿರುಗಿದ್ದು ಹುಕ್ಕೇರಿಯಲ್ಲಿ. ಬಾಲ್ಯದ ಗೆಳತಿ ಸಾತವ್ವನ ಮೊಮ್ಮಗಳ ನಿಶ್ಚಯಕ್ಕೆಂದು ಅಕ್ಕವ್ವ ಒಬ್ಬರೇ ಹೋಗಿದ್ದರು. ಹಂದರದ ಮುಂದೆ ಜಾಗವಿರಲಿಲ್ಲ; ಗಾಡಿಯನ್ನು ಗಟಾರದ ಬಾಜೂ ಇಳಿಜಾರಿನಲ್ಲಿ ನಿಲ್ಲಿಸಬೇಕಾಯಿತು. ಬಾಗಿಲು ತೆರೆದರು, ಒಂದು ಕಾಲನ್ನು ಹೊರಗಿಟ್ಟರು, ಏಳಲು ಹೋದರು, ಏಳಲಾಗಲಿಲ್ಲ. ಮೊದಲೇ ತಗ್ಗಿನ ಸೀಟು, ಅದರ ಮೇಲೆ ಮೇಲ್ಮುಖವಾದ ನೆಲ, ಕೋಟಿನ ಅಂಚು ಬೇರೆ ಸೀಟಿನ ಸಂದಿಗೆ ಸಿಕ್ಕಿಕೊಂಡಿತ್ತು. ಬಾಗಿಲನ್ನು ಹಿಡಿದು ಎಳೆದರೆ ಬಾಗಿಲೇ ಮೈಮೇಲೆ ಬಂತು. ಮೊಣಕಾಲು ಬೆಂಕಿಯಾಯಿತು. ಹಂದರದ ಬಾಯಲ್ಲಿ ಗುಲಾಬಿನೀರು ಚಿಮುಕಿಸುತ್ತಿದ್ದ ಇಬ್ಬರು ತರುಣರು ಓಡಿಬಂದು, ಬಗಲಿಗೆ ಕೈಹಾಕಿ, ಹತ್ತಿಯ ಮೂಟೆಯನ್ನು ಎತ್ತುವಂತೆ ಎತ್ತಿ ನಿಲ್ಲಿಸಿದರು. "ಆಯಿ, ಈ ವಯಸ್ಸಿನ್ಯಾಗ ನಿಮಗ ಇಂಥಾ ಗಾಡಿ ಯಾಕ ಬೇಕಿತ್ರಿ?" ಎಂದ ಒಬ್ಬ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಸುತ್ತ ನಿಂತವರು ನಕ್ಕರು. ಆ ನಗೆಯಲ್ಲೂ ಕೆಡುಕಿರಲಿಲ್ಲ. ಅದೇ ಹೆಚ್ಚು ನೋಯಿಸಿತು.

"ಅದೂ ಖರೆ ಬಿಡಪಾ," ಎಂದರು ಅಕ್ಕವ್ವ. ಈ ಸಲ ಮಾತ್ರ ಅವರು ಆ ಮಾತನ್ನು ಮನಸಾರೆ ಆಡಿದ್ದರು.

ಮನೆಗೆ ಬಂದು ಕೀಲಿಯನ್ನು ಮಹೇಶನ ಕೈಗಿಟ್ಟು, "ಗಿರಾಕಿ ನೋಡು, ಮಾರಿಬಿಡೂಣು," ಎಂದರು. ವರ್ಷದಿಂದ ಇದೇ ಮಾತಿಗೆ ಕಾದಿದ್ದ ಮಹೇಶನಿಗೆ ಯಾಕೋ ಗೆದ್ದೆನೆನಿಸಲಿಲ್ಲ. ಆಮೇಲೆ ಅಕ್ಕವ್ವ, ಮಗ ತನಗೆಂದು ಇಟ್ಟುಕೊಂಡಿದ್ದ ಎತ್ತರದ ಗಾಡಿಯ ಹಿಂದಿನ ಸೀಟಿನಲ್ಲಿ ಗಾಣಗಳಿಗೆ ಹೋಗತೊಡಗಿದರು. ಜೀವಮಾನದಲ್ಲೇ ಕಾಣದ ವಾಕರಿಕೆ ಅಲ್ಲಿ ಶುರುವಾಯಿತು. ನಾಲ್ಕು ದಿನ ಸಹಿಸಿ, ತಿರುಗಾಟವನ್ನೇ ಬಿಟ್ಟರು. ಬೆಲ್ಲದ ತುಣುಕುಗಳು ಅಂಗಡಿಗೇ ಬಂದವು. ಅಕ್ಕವ್ವ ಕೂತಲ್ಲೇ ರುಚಿ ನೋಡಿದರು. ಹೇಳಿದ ದರಕ್ಕೆ ಹೂಂ ಎಂದರು. ಪೇಟೆಯವರು ಲಾಭವೆಂದುಕೊಂಡರು. ಐಶ್ವರ್ಯ ಮಾತ್ರ ಅತ್ತೆ ಚೌಕಾಸಿ ಮಾಡುವುದನ್ನು ನಿಲ್ಲಿಸಿದ್ದನ್ನು ಕಂಡು ಹೆದರಿದಳು.

ಗಿರಾಕಿಯೂ ಬಂದ. ಸಂಕೇಶ್ವರದ ಕಡೆಯ ತರುಣ. ಮನೆಯ ಮುಂದೆ ಕಾರಿನಲ್ಲಿ ಕೂತು, ಶುರುಮಾಡಿದ ಮರುಕ್ಷಣವೇ ಎಂಜಿನ್ನನ್ನು ಗುಡುಗಿಸಿದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕವ್ವ ಹಿಟ್ಟಿನ ಕೈಯಲ್ಲೇ ಹೊರಬಂದರು.

"ಏ ತಮ್ಮಾ, ಈಗರ ಎದ್ದೈತಿ ಅದು. ಮೈ ಬೆಚ್ಚಗ ಆಗೂ ಮದಲ ಹಂಗ ಒದರಸ್ತಾರೇನು? ಕೆಳಗ ಇಳಿ."

ಅವನು ಇಳಿದ. ಕೀಲಿ ಅಕ್ಕವ್ವನ ಸೊಂಟಕ್ಕೆ ಸೇರಿತು. ಮಾರುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಆದರೆ ಓಡಿಸುವ ಮಾತನ್ನು ಅಕ್ಕವ್ವನೂ ಎತ್ತಲಿಲ್ಲ. ಕಾರು ಹೊದಿಕೆಯ ಕೆಳಗೆ ನಿಂತೇ ಇತ್ತು.

ಗೋಕಾಕದ ಮೂಳೆ ವೈದ್ಯೆ ಸಂಘಮಿತ್ರಾ ಅವರಲ್ಲಿಗೆ ಅತ್ತೆಯನ್ನು ಕರೆದೊಯ್ದವಳು ಐಶ್ವರ್ಯ. ಬೇಕೆಂದೇ ಆ ಕೆಂಪು ಕಾರನ್ನು ತಾನು ಓಡಿಸಿಕೊಂಡು ಹೋದವಳೂ ಅವಳೇ. ವೈದ್ಯೆ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೋಡಿ, ಪಕ್ಕಕ್ಕಿಟ್ಟರು.

"ಕೀಲು ಸವದಾವ್ರಿ ಆಯಿ. ಕೊಯ್ಯುವಷ್ಟೇನೂ ಅಲ್ಲ. ಏನ್ ಮಾಡಾಕ ಆಗೂದಿಲ್ಲ ಅನ್ನೂದು ಇರಲಿ. ಏನ್ ಮಾಡಬೇಕಂತೀರಿ, ಅದನ್ನ ಹೇಳ್ರಿ."

ಇಂಥ ಪ್ರಶ್ನೆಯನ್ನು ಅಕ್ಕವ್ವನಿಗೆ ಬಹಳ ಕಾಲದಿಂದ ಯಾರೂ ಕೇಳಿರಲಿಲ್ಲ. ಅವರು ಕೋಟಿನ ಗುಂಡಿಯನ್ನು ಒಮ್ಮೆ ತಿರುವಿದರು.

"ನನ್ನ ಗಾಡ್ಯಾಗಿಂದ ನಾನಾ ಎದ್ದು ಬರಬೇಕ್ರಿ. ಯಾರೂ ಬಗಲಾಗ ಕೈ ಹಾಕಬಾರದು."

ಸಂಘಮಿತ್ರಾ ನಗಲಿಲ್ಲ. ಎದ್ದು ಹೊರಗೆ ಬಂದು, ಕಾರಿನ ಬಾಗಿಲು ತೆರೆದು, ಬಗ್ಗಿ ನೋಡಿ, ಸೀಟಿನ ಬಲಮಗ್ಗುಲಲ್ಲಿದ್ದ ಒಂದು ಹಿಡಿಕೆಯನ್ನು ನಾಲ್ಕಾರು ಸಲ ಮೇಲಕ್ಕೆಳೆದರು. ಸೀಟು ಮೂರು ಬೆರಳಿನಷ್ಟು ಮೇಲೆದ್ದಿತು. ಅಕ್ಕವ್ವ ಬೆರಗಾಗಿ ಸೊಸೆಯ ಮುಖ ನೋಡಿದರು.

"ಇದು ಇಷ್ಟ ದಿನಾ ಇಲ್ಲೇ ಇತ್ತೇನ?"

"ನಿಮ್ಮ ಮಗಾ ಗಾಡಿ ಬ್ಯಾಡ ಬ್ಯಾಡ ಅಂದ್ರ ಹೊರತು, ಒಮ್ಮೆರ ಬಗ್ಗಿ ನೋಡಲಿಲ್ರಿ ಅತ್ತಿ," ಎಂದಳು ಐಶ್ವರ್ಯ.

ಅದರಿಂದ ಅರ್ಧ ಕೆಲಸ ಮಾತ್ರ ಆಗಿತ್ತು. ಉಳಿದರ್ಧವನ್ನು ವೈದ್ಯೆ ಅಲ್ಲೇ ನಿಂತು ಕಲಿಸಿದರು. ಇಳಿಯುವ ಮೊದಲು ಸೀಟನ್ನು ಹಿಂದಕ್ಕೆ ಸರಿಸಬೇಕು, ಎರಡೂ ಕಾಲನ್ನು ಒಟ್ಟಿಗೇ ಹೊರಗಿಟ್ಟು ಪೂರ್ತಿ ತಿರುಗಿ ಕೂರಬೇಕು, ಬಾಗಿಲನ್ನು ಎಳೆಯಬಾರದು, ಮೂಗು ಮೊಣಕಾಲನ್ನು ದಾಟುವಷ್ಟು ಮುಂದಕ್ಕೆ ಬಾಗಿ, ತೊಡೆಯ ಬಲದಿಂದ ಏಳಬೇಕು. ತೊಡೆಗೆ ಬಲ ಬರಬೇಕಾದರೆ ದಿನವೂ ಕೂತು ಏಳುವ ಅಭ್ಯಾಸ ಮಾಡಬೇಕು. ಮೊದಲು ಎತ್ತರದಿಂದ, ಆಮೇಲೆ ಸ್ವಲ್ಪಸ್ವಲ್ಪವೇ ತಗ್ಗಿಗೆ.

ಮಾರನೆಯ ದಿನ ಅಕ್ಕವ್ವ ಅಂಗಡಿಯಲ್ಲಿ, ಬೆಲ್ಲದ ಪೆಂಟಿಗಳನ್ನು ಹೊಂದಿಸುವ ಮರದ ಹಲಗೆಗಳನ್ನು ಕುರ್ಚಿಯೆತ್ತರಕ್ಕೆ ಒಂದರ ಮೇಲೊಂದು ಪೇರಿಸಿ, ಎದೆಯ ಮೇಲೆ ಕೈ ಕಟ್ಟಿಕೊಂಡು, ಕೂರುವುದನ್ನೂ ಏಳುವುದನ್ನೂ ಆರಂಭಿಸಿದರು. "ಅವ್ವಾ, ಮನ್ಯಾಗ ಮಾಡು. ಗಿರಾಕಿ ನೋಡ್ತಾರ," ಎಂದು ಮಹೇಶ ಸಂಕೋಚಪಟ್ಟ. "ಅದೂ ಖರೆ," ಎಂದು ಅಕ್ಕವ್ವ ಮತ್ತೆ ಕೂತರು, ಮತ್ತೆ ಎದ್ದರು. ತೊಡೆ ನಡುಗುತ್ತಿತ್ತು; ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ಏಳಲು ಬಾರದ ದಿನಗಳೂ ಇದ್ದವು. ನೋವು ಹೆಚ್ಚಾದಾಗ ತೆಗೆದ ಹಲಗೆಯನ್ನು ಮತ್ತೆ ಮೇಲಿಟ್ಟುಕೊಂಡದ್ದೂ ಇದೆ. ಆದರೂ ಚಳಿ ಇಳಿದಂತೆ ಹಲಗೆಗಳ ರಾಶಿಯೂ ಇಳಿಯಿತು. ಒಂದು ಮಧ್ಯಾಹ್ನ, ಇದೇನು ಮಹಾ ಎಂಬಂತೆ ಮಹೇಶ ತಾನೂ ಆ ತಗ್ಗಿನ ರಾಶಿಯ ಮೇಲೆ ಕೂತು, ಕೈ ಕಟ್ಟಿಕೊಂಡು ಏಳಲು ಹೋದ. ಹೊಟ್ಟೆ ಅಡ್ಡ ಬಂತು. ಮುಖ ಕೆಂಪಾಯಿತು. ಅಕ್ಕವ್ವ ಕೈಚಾಚಿ ಮಗನನ್ನು ಎಬ್ಬಿಸಿದರು. ಆವತ್ತಿನಿಂದ ಮಹೇಶನ ಉಪದೇಶ ನಿಂತಿತು. ಕಾರಿನ ಹೊದಿಕೆಯನ್ನು ತೆಗೆದು ಒರೆಸಿಟ್ಟವನೂ ಅವನೇ.

ಬೇಸಿಗೆಯ ಒಂದು ಬೆಳಗ್ಗೆ ಅಕ್ಕವ್ವ ಹುಕ್ಕೇರಿಗೆ ಹೋಗಿ ಸಾತವ್ವನನ್ನು ಹತ್ತಿಸಿಕೊಂಡು ದಡ್ಡಿಯತ್ತ ಹೊರಟರು. ಘಟಪ್ರಭೆಯ ದಂಡೆಯಲ್ಲಿ ಸಾತವ್ವನ ತಂಗಿಯ ಹೊಲವಿದೆ; ಮಾವಿನ ಗಿಡದ ಕೆಳಗೆ ಬುತ್ತಿ ಬಿಚ್ಚುವುದೆಂದು ಮಾತಾಗಿತ್ತು. ದಾರಿಯುದ್ದಕ್ಕೂ ಸಾತವ್ವ, ತನ್ನ ಬೆನ್ನು ನೆಲಕ್ಕೆ ತಾಗುವುದೊಂದು ಉಳಿದಿದೆ ಎಂದು ದೂರುತ್ತ, ಪ್ರತಿ ತಿರುವಿನಲ್ಲೂ ಸಂತೋಷದಿಂದ ಚೀರುತ್ತ ಬಂದಳು. ಗಿಡದ ನೆರಳಿನಲ್ಲಿ ಗಾಡಿ ನಿಂತಿತು. ಅಕ್ಕವ್ವ ಸೀಟನ್ನು ಹಿಂದಕ್ಕೆ ಸರಿಸಿದರು, ತಿರುಗಿ ಕೂತರು, ಬಾಗಿದರು, ಎದ್ದು ನಿಂತರು. ಸೆರಗು ಸರಿಮಾಡಿಕೊಂಡು ನದಿಯ ಕಡೆ ನೋಡಿದರು. ನೋಡುವವರು ಯಾರೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಅಕ್ಕವ್ವಾ! ನಾ ಹೆಂಗ ಏಳಲೇ?" ಎಂದು ಆ ಕಡೆಯಿಂದ ಕೂಗು ಬಂತು.

ಅಕ್ಕವ್ವ ಸುತ್ತಿ ಹೋಗಿ, ಬಾಗಿಲು ತೆರೆದು, ಸೊಂಟದ ಮೇಲೆ ಕೈಯಿಟ್ಟು ನಿಂತರು. "ಎರಡೂ ಕಾಲು ಹೊರಗ ಇಡು. ಬಾಗಲಾ ಹಿಡೀಬ್ಯಾಡ. ಮೂಗು ಮುಂದ ತಾ. ಇನ್ನೂ ಮುಂದ. ಈಗ ಏಳು."

ಸಾತವ್ವ ಎದ್ದಳು, ಹಿಂದಕ್ಕೆ ಬಿದ್ದಳು, ಮತ್ತೆ ಎದ್ದಳು. ಆಮೇಲೆ ಇಬ್ಬರೂ ಬುತ್ತಿಯನ್ನು ಮರೆತು, ಕಾರಿಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಊಟವಾದ ಮೇಲೆ ಸಾತವ್ವ ಮೆಲ್ಲಗೆ ಕೇಳಿದಳು: "ಇನ್ನ ಎಷ್ಟ ದಿನಾ ಹೊಡಿತೀಯ ಇದನ್ನ?"

"ಒಂದ ದಿನ ಬಿಡೂದೈತಿ. ಕಣ್ಣು ಮಂಜಾತು, ಕಾಲು ಬ್ರೇಕಿಗೆ ತಡಾ ಆತು ಅಂದ್ರ ಅವತ್ತ ಬಿಡ್ತೇನಿ. ನನಗ ಮದಲ ತಿಳೀತೈತಿ. ನಾನಾ ಹೇಳ್ತೇನಿ."

ಇಂದಿಗೂ ಅಕ್ಕವ್ವ ಆ ಕಾರನ್ನು ಓಡಿಸುತ್ತಾರೆ. ಮೋಡ ಕವಿದ ಕೆಲವು ಬೆಳಗುಗಳಲ್ಲಿ ಮೊಣಕಾಲು ಹಟ ಹಿಡಿದಾಗ, "ಐಶ್ವರ್ಯಾ, ಒಂಚೂರ ಕೈ ಕೊಡವಾ," ಎಂದು ತಾವೇ ಕರೆಯುತ್ತಾರೆ. ಹಾಗೆ ಕರೆಯುವಾಗ ಅವರ ದನಿಯಲ್ಲಿ ಈಗ ಸಂಕೋಚವಿಲ್ಲ. ಕೇಳಿ ಪಡೆದ ಕೈಗೂ ಕೇಳದೆ ಬಗಲಿಗೆ ಬಂದ ಕೈಗೂ ಇರುವ ಅಂತರವನ್ನು ಬಲ್ಲವರು ಅವರು.

ಪೇಟೆಯ ಊರುಗಳಲ್ಲಿ ಇಂಥ ಹಿರಿಯರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ತಾರುಣ್ಯವನ್ನು ನಟಿಸುವವರೆಂದು ನಾವು ಅವರನ್ನು ತಪ್ಪು ತಿಳಿಯುತ್ತೇವೆ. ತಾರುಣ್ಯದ ಹಂಬಲ ಅವರಿಗೆ ಎಳ್ಳಷ್ಟೂ ಇರುವುದಿಲ್ಲ. ವಯಸ್ಸು ಬಂದು ಬಾಗಿಲು ಬಡಿದಾಗ ಅವರು ಅದನ್ನು ಒಳಗೆ ಕರೆದು, ಎದುರಿಗೆ ಕೂರಿಸಿಕೊಂಡು, ಏನೇನು ಒಯ್ಯಲು ಬಂದಿದ್ದೀಯೆಂದು ವಿಚಾರಿಸುತ್ತಾರೆ. ನ್ಯಾಯವಾಗಿ ಅದಕ್ಕೆ ಸಲ್ಲಬೇಕಾದುದನ್ನು ತಕರಾರಿಲ್ಲದೆ ಕೊಡುತ್ತಾರೆ. ಅದು ಕೇಳದೇ ಇದ್ದುದನ್ನು, ಮನೆಯವರ ಅಂಜಿಕೆಗೋ ದಾರಿಹೋಕರ ನಗೆಗೋ ಸೋತು, ಮುಂಗಡವಾಗಿ ಒಪ್ಪಿಸಿಬಿಡುವುದಿಲ್ಲ. ಅಂಥವರು ಮನೆಯಲ್ಲಿದ್ದರೆ ಮಿಕ್ಕವರ ಮುಪ್ಪಿಗೂ ಸ್ವಲ್ಪ ಧೈರ್ಯ.