ಕಲ್ಲು ಬಿಟ್ಟ ಎಣ್ಣೆ

ಗಾಜಿನ ನಳಿಗೆಯ ಮೇಲ್ತುದಿಯಲ್ಲಿ ಹಳದಿ ಹನಿ ಕೂತದ್ದೇ ತಡ, ದಿವಾಕರನ್ ಕುಣಿಯುವುದೊಂದು ಬಾಕಿ. ಪಕ್ಕದಲ್ಲಿದ್ದ ಕೂಲಿ ಹುಡುಗಿ ಮಾತಿ ಮಾತ್ರ ಹಿಂದಕ್ಕೆ ಸರಿದಳು. ಅವಳ ಮೂಗಿಗೆ ಬಡಿದದ್ದು ಸುಟ್ಟ ಹರಳೆಣ್ಣೆಯ ಕಮಟು.

ದಿವಾಕರನ್ ಸರ್ಕಾರದ ಕಲ್ಲು ಪರೀಕ್ಷೆಯವನು. ಮರಕ್ಕಡವಿನ ಹೊಳೆದಂಡೆಯಲ್ಲಿ ಪದರು ಪದರಾದ ಕರಿಕಲ್ಲಿದೆ, ಅದರೊಳಗೆ ಎಣ್ಣೆ ಇದ್ದರೂ ಇರಬಹುದು ಎಂದು ಯಾರೋ ಬರೆದ ಕಾಗದ ಹಿಡಿದು ಬಂದು ವಾರವಾಗಿತ್ತು. ಅವನ ಕಲ್ಲಿನ ಚೀಲ ಹೊರುವ ಕೂಲಿ ಮಾತಿಯದು. ಮೈಸೂರಿನಲ್ಲಿ ಓದಿದ ಹುಡುಗ, ಕನ್ನಡ ಬರುತ್ತಿತ್ತು. ಒಳ್ಳೆಯವನೇ, ಬಾಯಿ ಮಾತ್ರ ಸುಮ್ಮನಿರದು.

"ಕಲ್ಲೂ ಅನ್ನದ ಹಾಗೆ ಬೇಯಬೇಕು ಮಾತಿ. ಹಸಿ ಇದ್ದರೆ ಎಣ್ಣೆ ಬಿಡೋಲ್ಲ. ಹದವಾಗಿ ಬೆಂದಿದ್ದರೆ ಬಿಡುತ್ತೆ. ಸೀದುಹೋಗಿದ್ದರೆ ಬರೀ ಮಸಿ" ಎನ್ನುತ್ತಿದ್ದ. ಯಾವುದೆಂದು ತಿಳಿಯಲು ಕಲ್ಲು ಕುಟ್ಟಿ ನಳಿಗೆಗೆ ಹಾಕಿ ಕಾಸುತ್ತಿದ್ದ. ಆರು ದಿನ ನಳಿಗೆ ಒಣಗಿಯೇ ಇತ್ತು. ಏಳನೆಯ ದಿನ ಒಬ್ಬನೇ ಹೋಗಿ ಒಂದು ಹಾಸುಗಲ್ಲಿನ ಮೇಲ್ಪದರ ಕಿತ್ತು ತಂದಿದ್ದ. ಮೂಗು ಕಟ್ಟಿದ ನೆಗಡಿ ಬೇರೆ, ವಾಸನೆ ಎಲ್ಲಿಂದ ತಿಳಿಯಬೇಕು?

ಆ ಹಾಸುಗಲ್ಲು ಕಾಡಂಚಿನ ಗುಡಿಸಲುಗಳ ಮಾತಿಯ ಹಾಡಿಯವರ ದೈವ. ಗುಡಿಯಿಲ್ಲ, ಅರಿಶಿನ ಕುಂಕುಮವಿಲ್ಲ. ಅಮಾವಾಸ್ಯೆಗೊಮ್ಮೆ ಹರಳೆಣ್ಣೆ ಎರೆಯುವುದೊಂದೇ ಪೂಜೆ. ಎರೆಯುವ ಹಕ್ಕು ಮಾತಿಯ ಮನೆಯ ಗಂಡಸಿಗೆ, ಹೆಣ್ಣು ಮುಟ್ಟುವಂತಿಲ್ಲ. ಅಪ್ಪ ಸತ್ತ ಮೇಲೆ ಆ ಮನೆಗೆ ಉಳಿದ ಗಂಡಸು ಅಣ್ಣ ಕೇತನ್ ಒಬ್ಬನೇ. ಪುಲ್ಪಳ್ಳಿಯ ಪೊಲೀಸ್ ಕ್ಯಾಂಪಿಗೆ ನಕ್ಸಲರು ನುಗ್ಗಿದಾಗಿನಿಂದ ಅವನು ಕಾಡು ಸೇರಿ ನಾಲ್ಕು ತಿಂಗಳು. ನುಗ್ಗಿದವರಿಗೆ ದಾರಿ ತೋರಿಸಿದ್ದನೋ, ಗಂಜಿ ಕೊಟ್ಟಿದ್ದನೋ, ಪೊಲೀಸರಿಗೆ ಎರಡೂ ಒಂದೇ. ನಾಲ್ಕು ತಿಂಗಳ ಹಿಂದಿನ ಎಣ್ಣೆಯಾದರೆ ಬಿಸಿಲಿಗೆ ಎಂದೋ ಆರಿಹೋಗಿರುತ್ತಿತ್ತು. ಪೊಲೀಸರು ಕಾಡು ಜಾಲಾಡುತ್ತಿರುವಾಗ ಆ ಹುಚ್ಚ ಮೊನ್ನೆ ಅಮಾವಾಸ್ಯೆಗೆ ಬಂದು ಎಣ್ಣೆ ಎರೆದು ಹೋಗಿದ್ದಾನೆ! ಮಾತಿಗೆ ಸಿಟ್ಟು ಉಕ್ಕಿತು. ಬದುಕಿದ್ದಾನಲ್ಲ ಎಂಬ ಸಂತೋಷವೂ ಅದರ ಹಿಂದೆಯೇ ಉಕ್ಕಿತು.

"ನಾಳೆಯೇ ತಂತಿ ಕೊಡ್ತೀನಿ. ಈ ಇಳಿಜಾರಿಗೆಲ್ಲ ಬೇಲಿ ಬೀಳುತ್ತೆ, ಭೂಮಿ ಸರ್ಕಾರದ್ದಾಗುತ್ತೆ" ಎಂದ ದಿವಾಕರನ್.

ಆ ಇಳಿಜಾರು ಹಾಡಿಯ ಒಂಬತ್ತು ಮನೆಯವರು ಜಮೀನ್ದಾರನ ಆಳುಗಳಿಂದ ಏಟು ತಿಂದು ಉಳಿಸಿಕೊಂಡ ನೆಲ. ನೆಲ ನಿಮ್ಮದೆಂದು ಪಟ್ಟೆ ಬರೆದು ಕೊಡುತ್ತೇವೆಂದು ತಾಲೂಕು ಕಚೇರಿಯವರು ಬರೆದುಕೊಂಡು ಹೋಗಿದ್ದರು. ಮಳೆ ಬಿದ್ದರೆ ಸ್ವಂತ ನೆಲದ ಮೊದಲ ರಾಗಿ.

ಅತ್ತ ದರಿ, ಇತ್ತ ಪುಲಿ. ಬಾಯಿ ಬಿಟ್ಟರೆ ಅಣ್ಣ ಇಲ್ಲೇ ಸುಳಿದಾಡುತ್ತಿರುವುದು ಬಯಲಾಗುತ್ತದೆ, ಬಿಡದಿದ್ದರೆ ನೆಲ ಹೋಗುತ್ತದೆ. ದಿವಾಕರನ್‌ನ ಕಾವಲಿಗೆ ಬಂದ ಹೆಡ್ ಕಾನ್‌ಸ್ಟೇಬಲ್ ದಾಮೋದರನ್ ಮರದಡಿ ಕೂತಿದ್ದ. ದಿವಾಕರನ್‌ನ ಸಡಗರ ಕೇಳಿ ಹಾಡಿಯ ಯಜಮಾನ ಬೊಮ್ಮನ್ ಕೋಲೂರಿಕೊಂಡು ಬಂದು ನಿಂತ. ಮಾತಿ ಎದ್ದಳು, ಕೂತಳು, ಮತ್ತೆ ಎದ್ದಳು.

"ಅದು ಕಲ್ಲೆಣ್ಣೆ ಅಲ್ಲ ಸಾರೇ, ಹರಳೆಣ್ಣೆ. ಆ ಕಲ್ಲು ನಮ್ಮ ದೈವ. ನಾವು ಎರ್ದದ್ದು."

ದಾಮೋದರನ್ ಎದ್ದು ಬಂದ. ಹತ್ತು ವರ್ಷ ಇದೇ ಸೀಮೆಯಲ್ಲಿ ಸವೆದವನಿಗೆ ಹಾಡಿಯ ಕಟ್ಟಳೆ ಗೊತ್ತಿಲ್ಲದೆ ಇಲ್ಲ. "ಎರೆಯೋದು ನಿನ್ನ ಮನೆ ಗಂಡಸಲ್ವೇನೇ? ಈ ಸಲ ಎರೆದದ್ದು ಯಾರು?"

"ನಾನೇ."

ಬೊಮ್ಮನ್ ತಲೆ ತಗ್ಗಿಸಿದ. ದೈವದ ಎಣ್ಣೆ ಇರುವುದು ಯಜಮಾನನ ಮನೆಯಲ್ಲಿ. ಅವನು ಕೊಡದೆ ಯಾರೂ ಎರೆಯಲಾರರು. ಎರೆದದ್ದು ಕೇತನ್ ಎಂದು ಅವನಿಗೆ ಗೊತ್ತೆಂದು ಮಾತಿಗೂ ಗೊತ್ತಿತ್ತು.

ದಿವಾಕರನ್‌ನ ಮುಖ ಸಪ್ಪಗಾಯಿತು. ಆದರೂ ಕೆಲಸದಲ್ಲಿ ಪ್ರಾಮಾಣಿಕ. ಎಲ್ಲರನ್ನೂ ಕರೆದುಕೊಂಡು ಹಾಸುಗಲ್ಲಿನ ಬಳಿಗೇ ಹೋಗಿ, ಬೊಮ್ಮನ್ ಕಣ್ಣು ಮುಚ್ಚಿ ನಿಂತಿರಲು, ಎರೆದ ಎಣ್ಣೆ ಇಳಿಯದಷ್ಟು ಆಳ, ಗೇಣುದ್ದ ಒಳಗಿನಿಂದ ಚೂರು ತೆಗೆದು ಅಲ್ಲೇ ಕಾಸಿದ. ನಳಿಗೆಯಲ್ಲಿ ಹನಿ ಕೂರಲಿಲ್ಲ. ಕಲ್ಲು ತಿಕ್ಕಿದ ಬೆರಳಿಗೆ ಮಸಿ ಹತ್ತಿತು.

"ಸೀದದ್ದು" ಎಂದ. "ಎಣ್ಣೆ ಇದ್ದಿದ್ದರೂ ಮನುಷ್ಯ ಹುಟ್ಟೋ ಮುಂಚೆಯೇ ಹೋಗಿದೆ. ಬೇಲಿ ಬೇಕಾಗಿಲ್ಲ."

ನೆಲ ಉಳಿಯಿತು. ಆದರೆ ದಾಮೋದರನ್ ಬಿಡಬೇಕಲ್ಲ! "ಯಜಮಾನಾ, ಹೆಣ್ಣು ದೈವ ಮುಟ್ಟಿದರೆ ಏನು ಮಾಡ್ತೀರಿ? ಏನೂ ಮಾಡದಿದ್ದರೆ ಇವಳು ಹೇಳಿದ್ದು ಸುಳ್ಳು ಅಂತ ನಾನು ತಿಳ್ಕೋತೀನಿ."

ಮಾತಿಯನ್ನು ಎತ್ತಿ ಆಡಿಸಿದ ಮುದುಕ ಹಾಸುಗಲ್ಲಿನತ್ತ ತಿರುಗಿದ. "ಹಾಡಿಯಿಂದ ಹೊರಕ್ಕೆ. ನೆಲದಾಗೂ ಪಾಲಿಲ್ಲ. ಯಾರೂ ಮಾತಾಡ್ಸಂಗಿಲ್ಲ."

"ಎಷ್ಟು ದಿನ?" ಎಂದ ದಾಮೋದರನ್.

"ಸಾಯಗಂಟ."

ಒಂದು ವರ್ಷ ಅನ್ನುತ್ತಾನೆಂದು ಮಾತಿ ಕಾದಿದ್ದಳು. ತಪ್ಪು ಮಾಡಿದವಳು ಬೇಡಿಕೊಳ್ಳದಿದ್ದರೆ ನಂಬುವವರಾರು? ಬೊಮ್ಮನ್‌ನ ಪಾದ ಹಿಡಿದಳು. "ನಾನೇ ಎರ್ದೆ ತಾತಾ, ತಪ್ಪಾಯ್ತು." ಅಳು ನಟಿಸಬೇಕಾಗಲಿಲ್ಲ. ಬೊಮ್ಮನ್ ಕಾಲು ಹಿಂದಕ್ಕೆಳೆದುಕೊಂಡ.

ದಾಮೋದರನ್‌ಗೆ ಅಷ್ಟು ಸಾಕಾಯಿತು. ದಿವಾಕರನ್‌ನನ್ನು ಕರೆದುಕೊಂಡು ಕ್ಯಾಂಪಿನ ದಾರಿ ಹಿಡಿದ.

ಅವರು ಮರೆಯಾದ ಮೇಲಾದರೂ ತಾತ ಎಬ್ಬಿಸುತ್ತಾನೆಂದು ಮಾತಿ ಕಾದಳು. ಅವನು ಅಲುಗಲಿಲ್ಲ. ದೈವದ ಮುಂದೆ ಆಡಿದ ಮಾತು, ಹಿಂದಕ್ಕೆ ತೆಗೆಯುವಂತಿಲ್ಲ. ಸುಳ್ಳಿಗೆ ಕೊಟ್ಟ ಶಿಕ್ಷೆಯಾದರೂ ಶಿಕ್ಷೆ ನಿಜ. ಕೊನೆಗೆ ತಾನೇ ಎದ್ದು ಮಂಡಿಯ ಮಣ್ಣು ಕೊಡವಿಕೊಂಡಳು.

"ರಾಗಿ ಚೆನ್ನಾಗಿ ಬರ್ಲಿ ತಾತಾ" ಎಂದಳು.

ಯಾರೂ ಮಾತಾಡಿಸಬಾರದೆಂದು ವಿಧಿಸಿದವನು ಅವನೇ. ಮುದುಕ ಅತ್ತ ತಿರುಗಿ ಬಿಕ್ಕುತ್ತಿದ್ದ.